ಆನ್‌ಲೈನ್‌ನಲ್ಲಿ ವಜ್ರ ಖರೀದಿ: ಕಲ್ಲಿನ ಗುಣ ಅರಿಯುವ ಕ್ರಮ

ಮಂಗಳೂರಿನಿಂದ ಬಿ.ಸಿ.ರೋಡ್ ಮಾರ್ಗವಾಗಿ ಬೆಳ್ತಂಗಡಿ, ಉಜಿರೆ, ಚಾರ್ಮಾಡಿ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಸಿಗುವ ಪೇಟೆ ಪುಂಜಾಲಕಟ್ಟೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರೂ ಕಡೆಯ ಹಳ್ಳಿಗಳಿಗೆ ಹತ್ತಿರದ ಊರು. ಇಂತಹ ಪೇಟೆಗಳ ಸುತ್ತಲಿನ ಮನೆಗಳಲ್ಲಿ ಮದುವೆಯ ಚಿನ್ನಕ್ಕೆ ತಲೆಮಾರುಗಳಿಂದ ಪರಿಚಯದ ಅಂಗಡಿ ಇರುತ್ತದೆ, ಪರಿಚಯದ ಚಿನ್ನದ ಕೆಲಸದವರು ಇರುತ್ತಾರೆ. ವಜ್ರದ ಮೂಗುಬೊಟ್ಟು, ಓಲೆ, ಉಂಗುರದ ಮಾತು ಬಂದಾಗ ಮಾತ್ರ ಪುತ್ತೂರಿಗೋ ಮಂಗಳೂರಿಗೋ ಹೋಗಬೇಕು, ಇಲ್ಲವೇ ಮೊಬೈಲಿನಲ್ಲಿ ನೋಡಿ ತರಿಸಬೇಕು. ಈಗಿನ ಮಕ್ಕಳು ಎರಡನೆಯ ದಾರಿಯನ್ನೇ ಹಿಡಿಯುತ್ತಿದ್ದಾರೆ. ರಾಜ್ಯದ ಬೇರೆ ಊರುಗಳ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ.

ಚಿನ್ನವನ್ನು ಒರೆಗಲ್ಲಿಗೆ ಹಚ್ಚಿ ನೋಡಬಹುದು, ತಕ್ಕಡಿಯಲ್ಲಿ ಇಟ್ಟು ತೂಗಬಹುದು. ವಜ್ರಕ್ಕೆ ಅಂತಹ ಮನೆಯ ಪರೀಕ್ಷೆ ಇಲ್ಲ. ಮೊಬೈಲಿನ ಚಿತ್ರದಲ್ಲಿ ಎಲ್ಲ ಕಲ್ಲೂ ಹೊಳೆಯುತ್ತದೆ. ಕಲ್ಲು ಕೈಯಲ್ಲಿ ಇಲ್ಲದಾಗ ಕೊಳ್ಳುವವರಿಗೆ ಕಣ್ಣಾಗುವುದು ಸ್ವತಂತ್ರ ಪ್ರಯೋಗಾಲಯದ ಪ್ರಮಾಣಪತ್ರ ಒಂದೇ. ಹಾಗಾಗಿ ಆನ್‌ಲೈನ್ ಖರೀದಿಯಲ್ಲಿ ಎರಡು ಕೆಲಸ ಮುಖ್ಯ. ಹಣ ಕೊಡುವ ಮೊದಲು ಪ್ರಮಾಣಪತ್ರವನ್ನು ಸರಿಯಾಗಿ ಓದುವುದು ಒಂದು. ಕಲ್ಲು ಬಂದ ಮೇಲೆ, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ, ಆ ಪತ್ರದಲ್ಲಿ ಇರುವ ಕಲ್ಲು ಇದೇ ಹೌದೇ ಎಂದು ತಾಳೆ ನೋಡುವುದು ಇನ್ನೊಂದು. ಈ ಲೇಖನ ಆ ಎರಡು ಕೆಲಸಗಳ ಕ್ರಮವನ್ನು ವಿವರಿಸುತ್ತದೆ.

ರತ್ನಪರೀಕ್ಷೆಯ ಹಿನ್ನೆಲೆ

ರತ್ನಗಳ ಗುಣ ನೋಡುವ ವಿದ್ಯೆ ನಮ್ಮ ನಾಡಿಗೆ ಹೊಸತಲ್ಲ. ಕಲ್ಯಾಣ ಚಾಲುಕ್ಯರ ದೊರೆ 3ನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರತ್ನಗಳ ಪರೀಕ್ಷೆಗೆಂದೇ ಒಂದು ಭಾಗವಿದೆ. ದೆಹಲಿಯಲ್ಲಿ ಅಲ್ಲಾವುದ್ದೀನ್ ಖಿಲ್ಜಿಯ ಆಳ್ವಿಕೆಯ ಕಾಲದಲ್ಲಿದ್ದ ಜೈನ ಶ್ರಾವಕ ಠಕ್ಕುರ ಫೇರು 1315ರಲ್ಲಿ ‘ರಯಣಪರಿಕ್ಖಾ’ ಎಂಬ ರತ್ನಪರೀಕ್ಷೆಯ ಗ್ರಂಥವನ್ನು ಪ್ರಾಕೃತದಲ್ಲಿ ಬರೆದ. ನಾಣ್ಯಗಳ ಲೋಹ ಮತ್ತು ಮೌಲ್ಯದ ಬಗ್ಗೆ ‘ದ್ರವ್ಯಪರೀಕ್ಷಾ’ ಎಂಬ ಗ್ರಂಥವನ್ನೂ ಬರೆದವನು ಅವನೇ.

ರತ್ನಶಾಸ್ತ್ರದ ಹಳೆಯ ಗ್ರಂಥಗಳು ಉತ್ತಮ ವಜ್ರಕ್ಕೆ 6 ಕೋನ, 8 ಮುಖ, 12 ಧಾರೆ ಇರಬೇಕೆಂದು ಹೇಳುತ್ತವೆ. ಇದು ಭೂಮಿಯಲ್ಲಿ ಸಿಗುವ ವಜ್ರದ ಹರಳಿನ ಸಹಜ ಆಕಾರದ ಸರಿಯಾದ ಲೆಕ್ಕ. ಚುಕ್ಕೆ, ಬಿರುಕು, ಬಣ್ಣ, ತೂಕ ಇವನ್ನೂ ಆ ಗ್ರಂಥಗಳು ನೋಡುತ್ತಿದ್ದವು. ಈಗಿನ ಪ್ರಯೋಗಾಲಯಗಳು ನೋಡುವುದೂ ಬಹುಮಟ್ಟಿಗೆ ಇವನ್ನೇ. ಸಾಣೆಯ ಗಣಿತ ಮಾತ್ರ ಹೊಸದಾಗಿ ಸೇರಿದೆ.

18ನೇ ಶತಮಾನದ ಆರಂಭದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಗುವ ತನಕ ಜಗತ್ತಿನ ವಜ್ರದ ಮುಖ್ಯ ಮೂಲ ಭಾರತವೇ ಆಗಿತ್ತು. ನಮ್ಮ ಬಳ್ಳಾರಿಯ ನೆರೆಯ ಅನಂತಪುರ ಜಿಲ್ಲೆಯ ವಜ್ರಕರೂರು ಇಂದಿಗೂ ಆ ಹೆಸರನ್ನು ಉಳಿಸಿಕೊಂಡಿದೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲ ಗ್ರಂಥಗಳ ತಾಳೆಗರಿಗಳೊಂದಿಗೆ ಅಮೂಲ್ಯ ರತ್ನಗಳಲ್ಲಿ ಕಡೆದ ಜಿನಬಿಂಬಗಳೂ ಉಳಿದು ಬಂದದ್ದನ್ನು ಈ ಭಾಗದವರು ಬಲ್ಲರು. ಈಗ ವಜ್ರದ ಸಾಣೆಯ ಕೇಂದ್ರ ಗುಜರಾತಿನ ಸೂರತ್. ಪಾಲನ್‌ಪುರ ಮೂಲದ ಜೈನ ವ್ಯಾಪಾರಿಗಳು ಸೂರತ್, ಮುಂಬೈ, ಬೆಲ್ಜಿಯಂನ ಆಂಟ್‌ವರ್ಪ್‌ವರೆಗೆ ಈ ವ್ಯಾಪಾರವನ್ನು ಬೆಳೆಸಿದ್ದಾರೆ. ಆನ್‌ಲೈನ್ ಮಳಿಗೆ ಯಾವ ಊರಿನದ್ದಾದರೂ ಕಲ್ಲು ಸೂರತ್‌ನಲ್ಲಿ ಸಾಣೆ ಹಿಡಿದದ್ದಾಗಿರುವ ಸಾಧ್ಯತೆಯೇ ಹೆಚ್ಚು.

ಮೊದಲ ಪ್ರಶ್ನೆ: ಇದು ಯಾವ ಕಲ್ಲು?

ಬೆಲೆ, ಹೊಳಪು, ವಿನ್ಯಾಸ ನೋಡುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ‘ಡೈಮಂಡ್’ ಎಂಬ ಒಂದೇ ಪದದಡಿ ನಾಲ್ಕು ಬಗೆಯ ಕಲ್ಲುಗಳು ಮಾರಾಟವಾಗುತ್ತವೆ.

1. ಗಣಿಯ ವಜ್ರ: ಭೂಗರ್ಭದಲ್ಲಿ ಹುಟ್ಟಿದ ಇಂಗಾಲದ ಹರಳು. ಮಾರಾಟದಲ್ಲಿ ‘ನ್ಯಾಚುರಲ್’ ಎಂದು ಕರೆಯುತ್ತಾರೆ.

2. ಪ್ರಯೋಗಾಲಯದ ವಜ್ರ: ‘ಲ್ಯಾಬ್ ಗ್ರೋನ್’, ‘ಸಿವಿಡಿ’, ‘ಎಚ್‌ಪಿಎಚ್‌ಟಿ’ ಎಂಬ ಹೆಸರುಗಳಲ್ಲಿ ಸಿಗುತ್ತದೆ. ಇದು ನಕಲಿ ಕಲ್ಲಲ್ಲ. ಇದೂ ಇಂಗಾಲದ ಹರಳೇ, ಗಡಸುತನವೂ ಹೊಳಪೂ ಅಷ್ಟೇ. ಆದರೆ ಯಂತ್ರದಲ್ಲಿ ಕೆಲವು ವಾರಗಳಲ್ಲಿ ಬೆಳೆಸಿದ್ದು. ಪ್ರಧಾನಿ ನರೇಂದ್ರ ಮೋದಿ 2023ರಲ್ಲಿ ಅಮೆರಿಕ ಅಧ್ಯಕ್ಷರ ಪತ್ನಿ ಜಿಲ್ ಬೈಡನ್ ಅವರಿಗೆ ಉಡುಗೊರೆ ಕೊಟ್ಟ 7.5 ಕ್ಯಾರೆಟ್ ಕಲ್ಲು ಈ ಬಗೆಯದು.

3. ಮೊಯ್ಸನೈಟ್: ಸಿಲಿಕಾನ್ ಕಾರ್ಬೈಡ್‌ನ ಹರಳು. ವಜ್ರವಲ್ಲ. ವಜ್ರಕ್ಕಿಂತ ಹೆಚ್ಚು ಬಣ್ಣಬಣ್ಣದ ಕಿಡಿ ಚಿಮ್ಮಿಸುತ್ತದೆ.

4. ಕ್ಯೂಬಿಕ್ ಜಿರ್ಕೋನಿಯಾ: ನಮ್ಮಲ್ಲಿ ‘ಅಮೆರಿಕನ್ ಡೈಮಂಡ್’ ಅಥವಾ ‘ಎ.ಡಿ. ಕಲ್ಲು’ ಎಂದು ಪರಿಚಿತ. ಇದಕ್ಕೂ ವಜ್ರಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ.

ಉಸಿರು ಊದಿ ಮಂಜು ನೋಡುವುದು, ನೀರಿಗೆ ಹಾಕುವುದು, ಗಾಜಿನ ಮೇಲೆ ಗೀರುವುದು ಇವು ನಂಬುವಂತಹ ಪರೀಕ್ಷೆಗಳಲ್ಲ. ಗೀರಲು ಹೋದರೆ ಕಲ್ಲಿನ ಅಂಚು ಒಡೆಯಲೂಬಹುದು. ಅಂಗಡಿಗಳಲ್ಲಿ ಇರುವ ಪೆನ್ನಿನಂತಹ ಸಾಧನ ಕಲ್ಲು ಶಾಖವನ್ನು ಎಷ್ಟು ಬೇಗ ಹರಿಸುತ್ತದೆ ಎಂಬುದನ್ನು ಅಳೆಯುತ್ತದೆ. ಅದು ಎ.ಡಿ. ಕಲ್ಲನ್ನು ಹಿಡಿಯುತ್ತದೆ, ಆದರೆ ಶಾಖ ನೋಡುವ ಸಾಧನ ಮೊಯ್ಸನೈಟನ್ನು ವಜ್ರವೆಂದು ತೋರಿಸಬಹುದು. ಗಣಿಯ ವಜ್ರಕ್ಕೂ ಪ್ರಯೋಗಾಲಯದ ವಜ್ರಕ್ಕೂ ಇರುವ ವ್ಯತ್ಯಾಸವನ್ನು ಅದು ತಿಳಿಸಲಾರದು. ಬರಿಗಣ್ಣಿಗೆ, ಭೂತಗನ್ನಡಿಗೆ, ಅನುಭವಿ ವ್ಯಾಪಾರಿಗೂ ಅದು ತಿಳಿಯುವುದಿಲ್ಲ. ಅದಕ್ಕೆ ವಿಶೇಷ ಯಂತ್ರಗಳೇ ಬೇಕು.

ಈ ವ್ಯತ್ಯಾಸವೇ ಹಣದ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. ಒಂದೇ ತೂಕದ, ಒಂದೇ ದರ್ಜೆಯ ಪ್ರಯೋಗಾಲಯದ ವಜ್ರ ಗಣಿಯ ವಜ್ರಕ್ಕಿಂತ ಬಹಳ ಅಗ್ಗ. ಉತ್ಪಾದನೆ ಹೆಚ್ಚಿದಂತೆ ಅದರ ಬೆಲೆ ಇತ್ತೀಚಿನ ವರ್ಷಗಳಲ್ಲಿ ಇಳಿಯುತ್ತಲೇ ಬಂದಿದೆ. ತೊಡುವ ಸಂತೋಷಕ್ಕೆ ಕೊಳ್ಳುವುದಾದರೆ ಅದರಲ್ಲಿ ತಪ್ಪಿಲ್ಲ. ಆದರೆ ಗಣಿಯ ವಜ್ರದ ಬೆಲೆ ಕೊಟ್ಟು ಪ್ರಯೋಗಾಲಯದ ವಜ್ರ ತಂದರೆ, ಅಥವಾ ಮುಂದೆ ಕಷ್ಟಕ್ಕೆ ಆಗಲಿ ಎಂದು ಅದನ್ನು ಕೂಡಿಟ್ಟರೆ, ನಷ್ಟ ಖಂಡಿತ. ಆದ್ದರಿಂದ ಉತ್ಪನ್ನದ ಪುಟದಲ್ಲಿ ‘ನ್ಯಾಚುರಲ್’ ಅಥವಾ ‘ಲ್ಯಾಬ್ ಗ್ರೋನ್’ ಎಂಬ ಪದ ಸ್ಪಷ್ಟವಾಗಿ ಇರಬೇಕು. ಅದೇ ಪದ ಪ್ರಮಾಣಪತ್ರದಲ್ಲೂ ಬಿಲ್ಲಿನಲ್ಲೂ ಇರಬೇಕು. ‘ರಿಯಲ್ ಡೈಮಂಡ್’, ‘ಅಸಲಿ ವಜ್ರ’ ಎಂಬಷ್ಟೇ ಬರಹ ಸಾಲದು, ಏಕೆಂದರೆ ಎರಡೂ ಬಗೆಯ ಮಾರಾಟಗಾರರು ಅದನ್ನು ಬಳಸಬಹುದು.

ನಾಲ್ಕು ಗುಣಗಳು: ಸಾಣೆ, ಬಣ್ಣ, ಸ್ವಚ್ಛತೆ, ತೂಕ

ಅಮೆರಿಕದ ಜಿಐಎ ಸಂಸ್ಥೆ ರೂಪಿಸಿದ ನಾಲ್ಕು ಗುಣಗಳ ಅಳತೆಯನ್ನು ಇಂದು ಜಗತ್ತೇ ಬಳಸುತ್ತದೆ. ಕಟ್, ಕಲರ್, ಕ್ಲಾರಿಟಿ, ಕ್ಯಾರೆಟ್ ಈ ನಾಲ್ಕರಲ್ಲಿ ಕೊಳ್ಳುವವರು ಸಾಮಾನ್ಯವಾಗಿ ಮೊದಲು ನೋಡುವುದು ತೂಕ, ಕೊನೆಗೆ ನೋಡುವುದು ಸಾಣೆ. ಇದು ತಿರುಗುಮುರುಗು ಆಗಬೇಕು.

ಸಾಣೆ (ಕಟ್): ವಜ್ರದ ಹೊಳಪು ಹುಟ್ಟುವುದು ಸಾಣೆಯಿಂದ. ಮೇಲಿನಿಂದ ಒಳಹೊಕ್ಕ ಬೆಳಕು ಕೆಳಗಿನ ಮುಖಗಳಿಗೆ ತಾಗಿ ಮತ್ತೆ ಮೇಲಕ್ಕೇ ಬರಬೇಕು. ಕಲ್ಲು ತೀರ ತೆಳುವಾಗಿದ್ದರೂ ತೀರ ಆಳವಾಗಿದ್ದರೂ ಬೆಳಕು ಕೆಳಗೆ, ಪಕ್ಕಕ್ಕೆ ಸೋರಿಹೋಗುತ್ತದೆ, ಕಲ್ಲು ಮಂಕಾಗಿ ಕಾಣುತ್ತದೆ. ದುಂಡು ಕಲ್ಲಿನ ಕೋನಗಳ ಗಣಿತವನ್ನು ಮಾರ್ಸೆಲ್ ಟಾಲ್ಕೋವ್‌ಸ್ಕಿ 1919ರಲ್ಲಿ ಪ್ರಕಟಿಸಿದರು. ಈಗಿನ ದುಂಡು ಕಲ್ಲಿಗೆ 57 ಅಥವಾ 58 ಮುಖಗಳು. ಜಿಐಎ ಸಾಣೆಗೆ ಎಕ್ಸಲೆಂಟ್, ವೆರಿ ಗುಡ್, ಗುಡ್, ಫೇರ್, ಪೂರ್ ಎಂಬ ಐದು ದರ್ಜೆ ಕೊಡುತ್ತದೆ. ದುಂಡು ಕಲ್ಲು ಕೊಳ್ಳುವವರು ಮೊದಲ ಎರಡರಿಂದ ಕೆಳಗೆ ಇಳಿಯದಿರುವುದು ಒಳ್ಳೆಯದು. ಪತ್ರದಲ್ಲಿ ಕಲ್ಲಿನ ಒಟ್ಟು ಆಳ ಸುಮಾರು ಶೇ. 59ರಿಂದ 62.5, ಮೇಲಿನ ಚಪ್ಪಟೆ ಮುಖದ ಅಗಲ ಸುಮಾರು ಶೇ. 54ರಿಂದ 58 ಇದ್ದರೆ ಸಾಮಾನ್ಯವಾಗಿ ಸರಿ. ಆಳ ಹೆಚ್ಚಾದ ಕಲ್ಲಿನಲ್ಲಿ ತೂಕ ಹೊಟ್ಟೆಯಲ್ಲಿ ಅಡಗಿರುತ್ತದೆ. ಹಣ ತೂಕಕ್ಕೆ ಹೋಗುತ್ತದೆ, ಮೇಲಿನಿಂದ ನೋಡಿದರೆ ಕಲ್ಲು ಚಿಕ್ಕದು.

ಬಣ್ಣ (ಕಲರ್): ಅಳತೆ ಡಿ ಅಕ್ಷರದಿಂದ ಜೆಡ್‌ವರೆಗೆ. ಡಿ, ಇ, ಎಫ್ ಬಣ್ಣರಹಿತ. ಜಿ, ಎಚ್, ಐ, ಜೆ ಬಹುತೇಕ ಬಣ್ಣರಹಿತ. ಅಲ್ಲಿಂದ ಮುಂದೆ ಹಳದಿ ಅಥವಾ ಕಂದು ಛಾಯೆ ಕ್ರಮೇಣ ಕಾಣತೊಡಗುತ್ತದೆ. ನಮ್ಮಲ್ಲಿ ಹೆಚ್ಚಿನ ಒಡವೆ ಹಳದಿ ಚಿನ್ನದ್ದು. ಹಳದಿ ಚಿನ್ನದ ನಡುವೆ ಕೂತ ಜಿ, ಎಚ್ ಬಣ್ಣದ ಕಲ್ಲು ಕಣ್ಣಿಗೆ ಬಿಳಿಯಾಗಿಯೇ ಕಾಣುತ್ತದೆ. ಆದ್ದರಿಂದ ಓಲೆ, ಮೂಗುಬೊಟ್ಟಿಗೆ ಡಿ ದರ್ಜೆಯ ಬೆಲೆ ಕೊಡುವುದು ಅಗತ್ಯವಲ್ಲ. ಬಿಳಿ ಚಿನ್ನ ಅಥವಾ ಪ್ಲಾಟಿನಂ ಆದರೆ ಮಾತ್ರ ಒಂದೆರಡು ದರ್ಜೆ ಮೇಲೆ ನೋಡಬಹುದು.

ಸ್ವಚ್ಛತೆ (ಕ್ಲಾರಿಟಿ): ಕಲ್ಲಿನ ಒಳಗಿನ ಚುಕ್ಕೆ, ಗೆರೆ, ಮೋಡಗಳನ್ನು ಹತ್ತು ಪಟ್ಟು ದೊಡ್ಡದಾಗಿಸುವ ಲೂಪ್‌ನಲ್ಲಿ ನೋಡಿ ದರ್ಜೆ ಕೊಡುತ್ತಾರೆ. ಎಫ್ಎಲ್, ಐಎಫ್, ವಿವಿಎಸ್1, ವಿವಿಎಸ್2, ವಿಎಸ್1, ವಿಎಸ್2, ಎಸ್‌ಐ1, ಎಸ್‌ಐ2, ಕೊನೆಗೆ ಐ1, ಐ2, ಐ3 ಹೀಗೆ 11 ದರ್ಜೆ. ವಿಎಸ್2ರವರೆಗಿನ ಕಲ್ಲಿನಲ್ಲಿ ಬರಿಗಣ್ಣಿಗೆ ದೋಷ ಸಾಮಾನ್ಯವಾಗಿ ಕಾಣದು. ಎಸ್‌ಐ1 ಕಲ್ಲಿನಲ್ಲಿ ಚುಕ್ಕೆ ಎಲ್ಲಿದೆ ಎಂಬುದು ಮುಖ್ಯ. ಅಂಚಿನಲ್ಲಿದ್ದರೆ ಚಿನ್ನದ ಉಗುರಿನ ಕೆಳಗೆ ಮರೆಯಾಗುತ್ತದೆ. ನಡುವೆ ಕಪ್ಪು ಚುಕ್ಕೆ ಇದ್ದರೆ ಬೇಡ. ಕಲ್ಲು ಹಾಲಿನಂತೆ ಮಸುಕಾಗಿದ್ದರೆ, ಅಥವಾ ಕಂದು, ಹಸಿರು ಛಾಯೆ ಇದ್ದರೆ ದರ್ಜೆಯ ಅಕ್ಷರಗಳಿಂದ ಅದು ಪೂರ್ತಿಯಾಗಿ ಗೊತ್ತಾಗುವುದಿಲ್ಲ. ಮಾರಾಟಗಾರರನ್ನು ನೇರವಾಗಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ನೇರಳಾತೀತ ಬೆಳಕಿನಲ್ಲಿ ಕಲ್ಲು ನೀಲಿಯಾಗಿ ಹೊಳೆಯುವ ಗುಣಕ್ಕೆ ಫ್ಲೋರೊಸೆನ್ಸ್ ಎನ್ನುತ್ತಾರೆ. ಅದು ‘ಸ್ಟ್ರಾಂಗ್’ ಎಂದಿದ್ದರೆ ಕೆಲವು ಕಲ್ಲುಗಳು ಬಿಸಿಲಿನಲ್ಲಿ ಮಂಜುಮಂಜಾಗಿ ಕಾಣುತ್ತವೆ. ಬಿಸಿಲಿನಲ್ಲಿ ತೆಗೆದ ವಿಡಿಯೋ ಕೇಳುವುದು ಒಳಿತು.

ತೂಕ (ಕ್ಯಾರೆಟ್): 1 ಕ್ಯಾರೆಟ್ ಎಂದರೆ 0.2 ಗ್ರಾಂ. ಅದನ್ನು 100 ಸೆಂಟ್ ಆಗಿ ಎಣಿಸುತ್ತಾರೆ. ಸರಿಯಾಗಿ ಸಾಣೆ ಹಿಡಿದ 1 ಕ್ಯಾರೆಟ್ ದುಂಡು ಕಲ್ಲು ಸುಮಾರು 6.5 ಮಿಲಿಮೀಟರ್ ಅಗಲ. 10 ಸೆಂಟಿನ ಕಲ್ಲು ಸುಮಾರು 3 ಮಿಲಿಮೀಟರ್. ಮೊಬೈಲಿನಲ್ಲಿ ಎರಡೂ ಒಂದೇ ಗಾತ್ರವಾಗಿ ಕಾಣುವುದರಿಂದ ಮಿಲಿಮೀಟರ್ ಅಳತೆಯನ್ನು ಸ್ಕೇಲಿನ ಮೇಲೆ ಗುರುತು ಮಾಡಿ ನೋಡಬೇಕು. 50 ಸೆಂಟ್, 1 ಕ್ಯಾರೆಟ್‌ನಂತಹ ಪೂರ್ಣ ತೂಕದಲ್ಲಿ ಬೆಲೆ ಜಿಗಿಯುತ್ತದೆ. 95 ಸೆಂಟಿನ ಕಲ್ಲು 1 ಕ್ಯಾರೆಟ್‌ನ ಕಲ್ಲಿಗಿಂತ ಕಣ್ಣಿಗೆ ಚಿಕ್ಕದಾಗಿ ಕಾಣದು, ಬೆಲೆಯಲ್ಲಿ ಮಾತ್ರ ಸಾಕಷ್ಟು ಕಡಿಮೆ.

ತೂಕದಲ್ಲಿ ಇನ್ನೊಂದು ಎಚ್ಚರ ಬೇಕು. ‘ಒಟ್ಟು ವಜ್ರದ ತೂಕ 1 ಕ್ಯಾರೆಟ್’ ಎಂದರೆ ಅದು 20 ಚಿಕ್ಕ ಕಲ್ಲುಗಳ ಮೊತ್ತ ಇರಬಹುದು. ಒಂದೇ ಕಲ್ಲು 1 ಕ್ಯಾರೆಟ್ ಇರುವುದಕ್ಕೂ ಇದಕ್ಕೂ ಬೆಲೆಯಲ್ಲಿ ಅಜಗಜಾಂತರ. ಏಳು ಕಲ್ಲಿನ ಓಲೆಯಂತಹ ಒಡವೆಗೆ ಪ್ರತಿ ಕಲ್ಲಿನ ತೂಕ ಮತ್ತು ಅಳತೆ ಕೇಳಿ ಪಡೆಯಬೇಕು, ಕಲ್ಲುಗಳ ಬಣ್ಣ ಒಂದಕ್ಕೊಂದು ಹೊಂದಿದೆಯೇ ಎಂದೂ ನೋಡಬೇಕು.

ಎರಡು ‘ಕ್ಯಾರೆಟ್’ಗಳ ಗೊಂದಲ

ಕನ್ನಡದಲ್ಲಿ ಚಿನ್ನದ ಶುದ್ಧತೆಗೂ ವಜ್ರದ ತೂಕಕ್ಕೂ ‘ಕ್ಯಾರೆಟ್’ ಎಂದೇ ಬರೆಯುತ್ತೇವೆ. ‘18 ಕ್ಯಾರೆಟ್ ಡೈಮಂಡ್ ಉಂಗುರ’ ಎಂದು ಜಾಹೀರಾತಿನಲ್ಲಿ ಕಂಡರೆ ಅದು ಚಿನ್ನದ ಮಾತು, ವಜ್ರದ ತೂಕ 18 ಸೆಂಟ್ ಅಷ್ಟೇ ಇರಬಹುದು. ಮದುವೆಯ ಚಿನ್ನ 22 ಕ್ಯಾರೆಟ್, ಅಂದರೆ 916. ವಜ್ರದ ಒಡವೆ ಹೆಚ್ಚಾಗಿ 18 ಕ್ಯಾರೆಟ್ (750) ಅಥವಾ 14 ಕ್ಯಾರೆಟ್ (585) ಚಿನ್ನದ್ದು. ಕಲ್ಲನ್ನು ಬಿಗಿಯಾಗಿ ಹಿಡಿಯಲು ಗಟ್ಟಿ ಲೋಹ ಬೇಕೆಂಬುದು ಇದಕ್ಕೆ ಕಾರಣ. ಆದರೆ ಬಿಲ್ಲಿನಲ್ಲಿ 22 ಕ್ಯಾರೆಟ್‌ನ ದರ ಹಾಕಿಲ್ಲವೇ ಎಂದು ನೋಡಿಕೊಳ್ಳಬೇಕು.

ಪ್ರಮಾಣಪತ್ರ ಓದುವ ಕ್ರಮ

ಒಂಟಿ ಕಲ್ಲಿಗೆ ಜಿಐಎ, ಐಜಿಐ, ಎಚ್‌ಆರ್‌ಡಿ ಇಂತಹ ಹೆಸರಾಂತ ಪ್ರಯೋಗಾಲಯದ ಪತ್ರ ಇರಬೇಕು. ಅಂಗಡಿಯೇ ಮುದ್ರಿಸಿ ಕೊಡುವ ‘ಅಥೆಂಟಿಸಿಟಿ ಸರ್ಟಿಫಿಕೇಟ್’ ಬೇರೆ, ಸ್ವತಂತ್ರ ಪ್ರಯೋಗಾಲಯದ ವರದಿ ಬೇರೆ. ಮಾರುವವರೇ ತಮ್ಮ ಸರಕಿಗೆ ಕೊಡುವ ಅಂಕ ಪರೀಕ್ಷೆಯಾಗದು.

ಪತ್ರದಲ್ಲಿ ಹೀಗೆ ನೋಡುತ್ತಾ ಹೋಗಬೇಕು:

- ಶೀರ್ಷಿಕೆಯಲ್ಲಿ ‘ನ್ಯಾಚುರಲ್’ ಅಥವಾ ‘ಲ್ಯಾಬೊರೇಟರಿ ಗ್ರೋನ್’ ಎಂಬ ಪದ.
- ವರದಿ ಸಂಖ್ಯೆ. ಅದನ್ನು ಮಾರಾಟಗಾರರು ಕಳಿಸಿದ ಲಿಂಕ್ ಅಥವಾ ಕ್ಯೂಆರ್ ಕೋಡ್ ಮೂಲಕ ತೆರೆಯದೆ, ಪ್ರಯೋಗಾಲಯದ ಜಾಲತಾಣವನ್ನು ತಾವೇ ತೆರೆದು ಅಲ್ಲಿ ಹಾಕಿ ನೋಡಬೇಕು. ನಕಲಿ ಪುಟ ತೋರಿಸುವ ಮೋಸ ಇದರಿಂದ ತಪ್ಪುತ್ತದೆ.
- ತೂಕ ಮತ್ತು ಮಿಲಿಮೀಟರ್ ಅಳತೆ.
- ಷರಾ ಅಥವಾ ‘ಕಾಮೆಂಟ್ಸ್’ ಭಾಗ. ಲೇಸರ್‌ನಿಂದ ಕೊರೆದದ್ದು, ಬಣ್ಣ ಸುಧಾರಿಸಿದ್ದು ಇಂತಹ ಸಂಸ್ಕರಣೆ ಇದ್ದರೆ ಪತ್ರದಲ್ಲಿ ನಮೂದಾಗುತ್ತದೆ. ಸಂಸ್ಕರಿಸಿದ ಕಲ್ಲಿನ ಬೆಲೆ ಬಹಳ ಕಡಿಮೆ.
- ವರದಿಯ ದಿನಾಂಕ. ಹಳೆಯ ವರದಿಯಾದರೆ ಆ ಬಳಿಕ ಕಲ್ಲಿಗೆ ಪೆಟ್ಟು ಬಿದ್ದಿಲ್ಲವೇ ಎಂದು ಕೇಳಬೇಕು.

ಪ್ರಯೋಗಾಲಯದ ವಜ್ರಕ್ಕೆ ಜಿಐಎ 2025ರ ಅಕ್ಟೋಬರ್‌ನಿಂದ ಬಣ್ಣ, ಸ್ವಚ್ಛತೆಯ ಹಳೆಯ ದರ್ಜೆಗಳನ್ನು ಕೊಡುವುದನ್ನು ನಿಲ್ಲಿಸಿ ‘ಪ್ರೀಮಿಯಂ’, ‘ಸ್ಟ್ಯಾಂಡರ್ಡ್’ ಎಂದಷ್ಟೇ ಬರೆಯುತ್ತಿದೆ. ಐಜಿಐ ಹಳೆಯ ಕ್ರಮದಲ್ಲೇ ದರ್ಜೆ ಕೊಡುತ್ತದೆ. ಎರಡು ಸಂಸ್ಥೆಗಳ ಪತ್ರಗಳನ್ನು ಹೋಲಿಸುವಾಗ ಇದು ನೆನಪಿರಬೇಕು.

ಸಣ್ಣ ಕಲ್ಲುಗಳಿಗೆ ಪ್ರತ್ಯೇಕ ಪತ್ರ ಇರುವುದಿಲ್ಲ. ಅವನ್ನು ‘ಇಎಫ್-ವಿವಿಎಸ್’, ‘ಜಿಎಚ್-ವಿಎಸ್’, ‘ಐಜೆ-ಎಸ್‌ಐ’ ಎಂದು ಗುಂಪಾಗಿ ಮಾರುತ್ತಾರೆ, ಪತ್ರ ಇಡೀ ಒಡವೆಗೆ ಒಂದೇ. ಅದರಲ್ಲಿ ಕಲ್ಲುಗಳ ಸಂಖ್ಯೆ, ಒಟ್ಟು ತೂಕ, ಗುಂಪಿನ ದರ್ಜೆ ಇರಲೇಬೇಕು.

ಹಾಲ್‌ಮಾರ್ಕ್ ಚಿನ್ನಕ್ಕೆ ಮಾತ್ರ

ಬಿಐಎಸ್ ಮುದ್ರೆ, ಶುದ್ಧತೆಯ ಅಂಕಿ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇವು ಹಾಲ್‌ಮಾರ್ಕ್‌ನ ಮೂರು ಗುರುತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯನ್ನು ಎಚ್‌ಯುಐಡಿ ಇಲ್ಲದೆ ಮಾರುವಂತಿಲ್ಲ. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಒಡವೆಯ ಬಗೆ, ಶುದ್ಧತೆ, ಪರೀಕ್ಷಿಸಿದ ಕೇಂದ್ರದ ವಿವರ ಬರುತ್ತದೆ. ಆದರೆ ಈ ಮುದ್ರೆ ಚಿನ್ನದ ಭರವಸೆ ಮಾತ್ರ. ಕಲ್ಲು ವಜ್ರವೋ ಅಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ‘ಹಾಲ್‌ಮಾರ್ಕ್ ಇರುವ ವಜ್ರ’ ಎಂಬ ಮಾತಿಗೆ ಅರ್ಥವಿಲ್ಲ. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ಹಾಗಾಗಿ ಚಿಕ್ಕ ಮೂಗುಬೊಟ್ಟಿನಲ್ಲಿ ಅದು ಇಲ್ಲದಿದ್ದರೆ ಮೋಸವೆಂದು ತಿಳಿಯಬೇಕಿಲ್ಲ, ಬಿಲ್ಲಿನಲ್ಲಿ ಶುದ್ಧತೆ ಬರೆಸಿಕೊಳ್ಳಬೇಕು.

ಬಿಲ್ಲಿನ ಲೆಕ್ಕ, ಮರುಮಾರಾಟದ ಲೆಕ್ಕ

ವಜ್ರದ ಒಡವೆಯ ಬಿಲ್ಲಿನಲ್ಲಿ ನಾಲ್ಕು ಬಾಬತ್ತು ಬೇರೆಬೇರೆಯಾಗಿ ಇರಬೇಕು: ಚಿನ್ನದ ಬೆಲೆ, ವಜ್ರದ ಬೆಲೆ, ಮಜೂರಿ, ಶೇ. 3 ಜಿಎಸ್‌ಟಿ. ಒಂದು ಕಾಲ್ಪನಿಕ ಉದಾಹರಣೆ ನೋಡೋಣ.

ಉಂಗುರದ ಒಟ್ಟು ತೂಕ 4.000 ಗ್ರಾಂ. ಅದರಲ್ಲಿ ವಜ್ರ 50 ಸೆಂಟ್, ಅಂದರೆ 0.100 ಗ್ರಾಂ. ಚಿನ್ನದ ನಿವ್ವಳ ತೂಕ 3.900 ಗ್ರಾಂ. 18 ಕ್ಯಾರೆಟ್ ಚಿನ್ನದ ದರ ಗ್ರಾಂಗೆ 9,000 ರೂಪಾಯಿ ಎಂದು ಇಟ್ಟುಕೊಂಡರೆ ಚಿನ್ನಕ್ಕೆ 35,100. ವಜ್ರಕ್ಕೆ 30,000, ಮಜೂರಿ 10,000 ಎಂದಾದರೆ ಮೊತ್ತ 75,100. ಜಿಎಸ್‌ಟಿ 2,253 ಸೇರಿ ಕೊಡಬೇಕಾದದ್ದು 77,353 ರೂಪಾಯಿ. ಒಟ್ಟು ತೂಕಕ್ಕೇ ಚಿನ್ನದ ದರ ಹಾಕಿದ್ದರೆ ವಜ್ರದ ತೂಕಕ್ಕೂ ಚಿನ್ನದ ಹಣ ಹೋಗುತ್ತಿತ್ತು, 900 ರೂಪಾಯಿ ಹೆಚ್ಚು.

ಇದೇ ಉಂಗುರವನ್ನು ಅದೇ ದರ ಇರುವಾಗ ಮರಳಿ ಕೊಟ್ಟರೆ ಮಜೂರಿ, ತೆರಿಗೆ ಹಿಂದೆ ಬರುವುದಿಲ್ಲ. ಮಳಿಗೆ ವಜ್ರದ ಬೆಲೆಯ ಶೇ. 80 ಕೊಡುವ ನಿಯಮ ಇಟ್ಟಿದ್ದರೆ ಸಿಗುವುದು 59,100. ವಜ್ರಕ್ಕೆ ಏನೂ ಕೊಡದ ಕಡೆಗೆ ಒಯ್ದರೆ 35,100 ಮಾತ್ರ. ಕೊಟ್ಟ ಹಣದ ಅರ್ಧಕ್ಕಿಂತ ಕಡಿಮೆ. ಚಿನ್ನದ ಸರದಂತೆ ವಜ್ರದ ಉಂಗುರವನ್ನು ಆಪತ್ತಿಗೆ ಒದಗುವ ಉಳಿತಾಯ ಎಂದು ಲೆಕ್ಕ ಹಾಕಬಾರದು ಎನ್ನುವುದು ಇದಕ್ಕಾಗಿ. ಮಗಳ ಮದುವೆಗೆ ಕೂಡಿಟ್ಟ ಹಣದಲ್ಲಿ ಎಷ್ಟು ಭಾಗ ಚಿನ್ನಕ್ಕೆ, ಎಷ್ಟು ಭಾಗ ವಜ್ರಕ್ಕೆ ಎಂಬುದನ್ನು ಮನೆಯವರು ಕೂತು ಮೊದಲೇ ನಿರ್ಧರಿಸುವುದು ಲೇಸು.

ಮರಳಿ ಕೊಳ್ಳುವ ನಿಯಮವನ್ನು ಆರ್ಡರ್‌ಗೆ ಮೊದಲೇ ಓದಬೇಕು. ಹಣ ಕೊಡುತ್ತಾರೋ ಅಥವಾ ಬೇರೆ ಒಡವೆಗೆ ವಿನಿಮಯ ಮಾತ್ರವೋ? ಇಂದಿನ ಬೆಲೆಗೋ ಅಥವಾ ಹಳೆಯ ಬಿಲ್ಲಿನ ಬೆಲೆಗೋ? ಪ್ರಯೋಗಾಲಯದ ವಜ್ರಕ್ಕೂ ಇದು ಅನ್ವಯವೋ? ಆ ಪುಟವನ್ನು ಅಂದೇ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಬೇಕು. ನಿಯಮ ಮುಂದೆ ಬದಲಾದರೂ ಖರೀದಿಯ ದಿನ ಕೊಟ್ಟ ಮಾತು ಕೈಯಲ್ಲಿರುತ್ತದೆ.

ಪೊಟ್ಟಣ ಬಂದ ದಿನ

ಮುಹೂರ್ತಕ್ಕೆ ಒಂದು ವಾರ ಇರುವಾಗ ಆರ್ಡರ್ ಮಾಡಬಾರದು. ಕಲ್ಲು ಸರಿಯಿಲ್ಲದಿದ್ದರೆ ಹಿಂದಿರುಗಿಸಿ ಬೇರೆ ತರಿಸಲು ಕನಿಷ್ಠ ಒಂದು ತಿಂಗಳ ಅವಕಾಶ ಬೇಕು. ಪೊಟ್ಟಣವನ್ನು ನೆರೆಮನೆಯಲ್ಲೋ ಪೇಟೆಯ ಅಂಗಡಿಯಲ್ಲೋ ಬಿಡಲು ಹೇಳದೆ ಮನೆಯವರೇ ಪಡೆಯಬೇಕು. ಸೀಲು ಒಡೆದಿದ್ದರೆ ಸ್ವೀಕರಿಸಬಾರದು. ತೆರೆಯುವುದನ್ನು ಮೊದಲಿನಿಂದ ಕೊನೆಯವರೆಗೆ, ನಿಲ್ಲಿಸದೆ, ವಿಡಿಯೋ ಮಾಡಿಕೊಳ್ಳಬೇಕು. ವಿಳಾಸದ ಚೀಟಿಯೂ ಅದರಲ್ಲಿ ಕಾಣಬೇಕು.

ಬಳಿಕ ಪರಿಚಯದ ಚಿನ್ನದ ಅಂಗಡಿಗೆ ಒಯ್ದರೆ ಅರ್ಧ ಗಂಟೆಯ ಕೆಲಸ:

1. ಒಟ್ಟು ತೂಕ ಬಿಲ್ಲಿಗೆ ಸರಿಹೊಂದುತ್ತದೆಯೇ ನೋಡುವುದು.
2. ಎಚ್‌ಯುಐಡಿಯನ್ನು ಆ್ಯಪ್‌ನಲ್ಲಿ ತಾಳೆ ನೋಡುವುದು.
3. ಒಂಟಿ ಕಲ್ಲಾದರೆ ಅದರ ಸೊಂಟದ ಅಂಚಿನಲ್ಲಿ ಲೇಸರ್‌ನಿಂದ ಕೆತ್ತಿದ ವರದಿ ಸಂಖ್ಯೆಯನ್ನು ಲೂಪ್‌ನಲ್ಲಿ ಓದಿಸುವುದು.
4. ಕಲ್ಲಿನ ಅಗಲವನ್ನು ಅಳೆಸಿ ಪತ್ರದ ಮಿಲಿಮೀಟರ್‌ಗೆ ಹೋಲಿಸುವುದು. ಒಳಗಿನ ಚುಕ್ಕೆಗಳು ಪತ್ರದ ನಕ್ಷೆಯಲ್ಲಿ ತೋರಿಸಿದ ಜಾಗದಲ್ಲೇ ಇವೆಯೇ ನೋಡುವುದು.
5. ಪ್ರಾಂಗ್ ಎಂಬ ಚಿನ್ನದ ಉಗುರುಗಳು ಕಲ್ಲನ್ನು ಬಿಗಿಯಾಗಿ ಹಿಡಿದಿವೆಯೇ, ಕಲ್ಲು ಅಲುಗುತ್ತದೆಯೇ ಪರೀಕ್ಷಿಸುವುದು.

ನಾಲ್ಕನೆಯದನ್ನು ಬಿಡಬಾರದು. ಗಣಿಯ ವಜ್ರದ ವರದಿ ಸಂಖ್ಯೆಯನ್ನು ಪ್ರಯೋಗಾಲಯದ ವಜ್ರದ ಮೇಲೆ ಕೆತ್ತಿದ ಮೋಸಗಳನ್ನು ಜಿಐಎ ಪ್ರಯೋಗಾಲಯಗಳೇ ಪತ್ತೆಹಚ್ಚಿ ಪ್ರಕಟಿಸಿವೆ. ಸಂಖ್ಯೆಯನ್ನು ನಕಲು ಮಾಡಬಹುದು, ಅಳತೆ ಮತ್ತು ಒಳಗಿನ ಚುಕ್ಕೆಗಳನ್ನು ನಕಲು ಮಾಡುವುದು ಕಷ್ಟ. ದೊಡ್ಡ ಮೊತ್ತದ ಕಲ್ಲಿನ ಬಗ್ಗೆ ಅನುಮಾನ ಉಳಿದರೆ ಹಿಂದಿರುಗಿಸುವ ಅವಧಿಯೊಳಗೇ ಪ್ರಯೋಗಾಲಯದಲ್ಲಿ ಮರುಪರೀಕ್ಷೆ ಮಾಡಿಸಬೇಕು. ಮರುಪರೀಕ್ಷೆಗೆ ಒಯ್ದರೆ ಹಿಂದಿರುಗಿಸುವ ಹಕ್ಕು ತಪ್ಪುವುದಿಲ್ಲ ಎಂದು ಮಾರಾಟಗಾರರಿಂದ ಮೊದಲೇ ಬರಹದಲ್ಲಿ ಪಡೆದಿರಬೇಕು.

ಮೋಸವಾದರೆ ಎಲ್ಲಿಗೆ ದೂರು?

ದೊಡ್ಡ ಜಾಲತಾಣದಲ್ಲಿ ಕೊಂಡರೂ ಮಾರುವವರು ಬೇರೆಯೇ ಇರಬಹುದು. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ಮಾರಾಟಗಾರರ ಹೆಸರು, ವಿಳಾಸ ಹಾಗೂ ದೂರು ಅಧಿಕಾರಿಯ ವಿವರ ಜಾಲತಾಣದಲ್ಲಿ ಇರಬೇಕು. ದೂರು ತಲುಪಿದ ಬಗ್ಗೆ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಈ ವಿವರಗಳೇ ಇಲ್ಲದ ಕಡೆ, ವಾಟ್ಸ್‌ಆ್ಯಪ್ ಸಂಖ್ಯೆ ಮಾತ್ರ ಕೊಡುವ ಕಡೆ ವಜ್ರ ಕೊಳ್ಳಬಾರದು.

ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಹಣ ಪಡೆದು ಮಾಯವಾದ ನಕಲಿ ಜಾಲತಾಣವಾದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಬೇಕು. ಮಾರಾಟಗಾರರು ಮುಂಬೈಯಲ್ಲಿದ್ದಾರೆ, ಅಲ್ಲಿಗೆ ಯಾರು ಹೋಗುವುದು ಎಂದು ಹಲವರು ಸುಮ್ಮನಾಗುತ್ತಾರೆ. ಅದರ ಅಗತ್ಯವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕರು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಅವಕಾಶ ಕೊಟ್ಟಿದೆ. ಪುಂಜಾಲಕಟ್ಟೆ, ಬೆಳ್ತಂಗಡಿ, ಮೂಡುಬಿದಿರೆಯವರಿಗೆ ಅದು ಮಂಗಳೂರಿನ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 50 ಲಕ್ಷ ರೂಪಾಯಿವರೆಗಿನ ಪ್ರಕರಣ ಅಲ್ಲಿ ನಡೆಯುತ್ತದೆ, 5 ಲಕ್ಷದವರೆಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಬಿಲ್ಲು, ಪ್ರಮಾಣಪತ್ರ, ಪೊಟ್ಟಣ ತೆರೆದ ವಿಡಿಯೋ, ಸ್ಕ್ರೀನ್‌ಶಾಟ್‌ಗಳು ಅಲ್ಲಿ ಸಾಕ್ಷ್ಯವಾಗುತ್ತವೆ.

ಅಹಿಂಸೆ ಮತ್ತು ಮಿತಿಯ ದೃಷ್ಟಿಯಿಂದ

ಜೈನ ಗ್ರಂಥಗಳು ಪೃಥ್ವೀಕಾಯದ ಭೇದಗಳನ್ನು ಎಣಿಸುವಾಗ ವಜ್ರವನ್ನೂ ಸೇರಿಸುತ್ತವೆ. ಆದ್ದರಿಂದ ವಜ್ರ ಎಲ್ಲಿಂದ ಬಂತು ಎಂಬ ಪ್ರಶ್ನೆ ಶ್ರಾವಕರಿಗೆ ಸಹಜ. ಆಫ್ರಿಕದ ಅಂತರ್ಯುದ್ಧಗಳಿಗೆ ಹಣ ಒದಗಿಸಿದ ವಜ್ರಗಳನ್ನು ತಡೆಯಲು 2003ರಲ್ಲಿ ಕಿಂಬರ್ಲಿ ಪ್ರಕ್ರಿಯೆ ಜಾರಿಗೆ ಬಂತು. ಭಾರತವೂ ಅದರಲ್ಲಿದೆ. ಆದರೆ ಅದು ಸಾಣೆ ಹಿಡಿಯದ ಕಚ್ಚಾ ವಜ್ರಕ್ಕೆ, ಬಂಡುಕೋರರ ಯುದ್ಧದ ಹಣಕ್ಕೆ ಸಂಬಂಧಿಸಿದ್ದು. ಗಣಿಯ ಕೂಲಿಕಾರರ ಸ್ಥಿತಿ, ಅಗೆದ ಭೂಮಿಯ ಸ್ಥಿತಿ ಅದರ ವ್ಯಾಪ್ತಿಯಲ್ಲಿ ಇಲ್ಲ. ಪ್ರಯೋಗಾಲಯದ ವಜ್ರಕ್ಕೆ ಗಣಿ ಬೇಡ, ಆದರೆ ವಿದ್ಯುತ್ ಬಹಳ ಬೇಕು. ಮನೆಯಲ್ಲಿ ಇರುವ ಅಜ್ಜಿಯ ಓಲೆಯ ಕಲ್ಲುಗಳನ್ನು ಪರೀಕ್ಷಿಸಿ ಹೊಸ ವಿನ್ಯಾಸಕ್ಕೆ ಕಟ್ಟಿಸುವುದು ಎರಡಕ್ಕಿಂತಲೂ ಹಗುರವಾದ ದಾರಿ. ಪರಿಗ್ರಹ ಪರಿಮಾಣವನ್ನು ಪಾಲಿಸುವ ಮನೆಗಳಲ್ಲಿ ಮೊತ್ತದ ಮಿತಿ ಮೊದಲು, ಕಲ್ಲಿನ ಆಯ್ಕೆ ನಂತರ. ಆನ್‌ಲೈನ್ ಮಳಿಗೆಗಳ ‘ಇಂದು ಮಾತ್ರ’ ಎಂಬ ರಿಯಾಯಿತಿಯ ಒತ್ತಡಕ್ಕೂ ಆ ಕ್ರಮವೇ ಮದ್ದು.

ಆರ್ಡರ್‌ಗೆ ಮುನ್ನ ಒಮ್ಮೆ

- ಗಣಿಯದೋ, ಪ್ರಯೋಗಾಲಯದ್ದೋ ಎಂಬುದು ಪುಟ, ಪತ್ರ, ಬಿಲ್ಲು ಮೂರರಲ್ಲೂ ಒಂದೇ ಇದೆಯೇ?
- ವರದಿ ಸಂಖ್ಯೆಯನ್ನು ಪ್ರಯೋಗಾಲಯದ ಜಾಲತಾಣದಲ್ಲಿ ತಾವೇ ನೋಡಿದ್ದಾಯಿತೇ?
- ಸಾಣೆಯ ದರ್ಜೆ ಎಕ್ಸಲೆಂಟ್ ಅಥವಾ ವೆರಿ ಗುಡ್ ಇದೆಯೇ?
- ತೂಕ ಒಂದು ಕಲ್ಲಿನದೋ, ಎಲ್ಲ ಕಲ್ಲುಗಳ ಮೊತ್ತವೋ?
- ಚಿನ್ನದ ನಿವ್ವಳ ತೂಕ, ವಜ್ರ, ಮಜೂರಿ, ತೆರಿಗೆ ಬೇರೆಬೇರೆ ಇವೆಯೇ?
- ಹಿಂದಿರುಗಿಸುವ ಅವಧಿ ಎಷ್ಟು ದಿನ, ಮರಳಿ ಕೊಳ್ಳುವ ನಿಯಮ ಏನು?
- ಮುಹೂರ್ತಕ್ಕೆ ಕನಿಷ್ಠ ಒಂದು ತಿಂಗಳು ಇದೆಯೇ?

ಈ ಏಳಕ್ಕೂ ಸರಿಯಾದ ಉತ್ತರ ಸಿಕ್ಕಿದ ಮೇಲೆ ಹಣ ಕೊಡಬಹುದು. ಒಂದಕ್ಕಾದರೂ ಉತ್ತರ ಸಿಗದಿದ್ದರೆ, ಅದೇ ಹಣಕ್ಕೆ ಉತ್ತರ ಕೊಡುವ ಬೇರೆ ಮಳಿಗೆಯನ್ನು ನೋಡುವುದು ಲೇಸು.